ದೊಡ್ಡಮನೆಯ ಹಿತ್ತಿಲು: ಲಿಥುವೇನಿಯಾದ ಪ್ಲುಂಗೆ ಬಂಗಲೆ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೇಲಿ ಲಿಥುವೇನಿಯಾದ ಪ್ಲುಂಗೆ ಅನ್ನೋ ಸಣ್ಣ ಊರಿನ ಜಮೀನ್ದಾರಿ ಬಂಗಲೆಯ ಫೋಟೋ ಒಂದನ್ನ ಹಾಕಿ, ಕೆಳಗೆ ನಾಲ್ಕು ಸಾಲು ಬರೆದು ಸುಮ್ಮನಾಗಿದ್ವಿ. ಬಿಳೀ ಗೋಡೆ, ಎರಡಂತಸ್ತು, ಸೂರಿನ ಅಂಚಿಗೆ ಕಟಾಂಜನ, ಮುಂದೆ ಹುಲ್ಲುಹಾಸು, ಅಷ್ಟೇ ಫೋಟೋದಲ್ಲಿದ್ದಿದ್ದು. ಅದಕ್ಕೆ ಇಷ್ಟೊಂದು ಪತ್ರ, ಮೆಸೇಜು ಬರ್ತವೆ ಅಂತ ಅಂದ್ಕೊಂಡಿರ್ಲಿಲ್ಲ. ಎಲ್ಲಕ್ಕೂ ಜಾಗ ಇಲ್ಲ, ಒಂದೇ ಥರದ್ದನ್ನ ಸೇರಿಸಿ ಉತ್ತರ ಕೊಟ್ಟಿದೀನಿ.

ಪ್ರಶ್ನೆ: ಸರ್, ಆ ಮನಿ ಯಾರ್ದು, ಎಷ್ಟು ವರ್ಷದ್ದು? ನಮ್ಮ ಕಡೆ ದೇಸಾಯರ ವಾಡೆ ಅಂತೀವಲ್ಲ, ಅದೂ ಹಂಗ ಏನ್ರಿ? (ಧಾರವಾಡದ ಓದುಗರು)

ಸ್ವಲ್ಪ ಮಟ್ಟಿಗೆ ಹೌದು ಅನ್ನಿ. ವಾಡೆ ಅಂದ್ರೆ ಹೆಂಗೆ ಬರೀ ಮನೆ ಅಲ್ವೋ, ಜಮೀನು, ಕಣಜ, ಆಳುಕಾಳು, ಸುತ್ತಲಿನ ಹಳ್ಳಿ ಮೇಲಿನ ಹಿಡಿತ ಎಲ್ಲಾ ಸೇರಿದ ಒಂದು ವ್ಯವಸ್ಥೆಯೋ, ಅಲ್ಲೂ ಹಂಗೇ. ಅವರು ಅದನ್ನ ದ್ವಾರಸ್ ಅಂತಾರೆ. ಆದ್ರೆ ವಾಡೆಗೆ ಇರೋ ಕೋಟೆಗೋಡೆ, ಬುರುಜು ಇಲ್ಲಿಲ್ಲ, ಮನೆ ಎದುರಿಗೇ ಬಯಲಿಗೆ ತೆರ್ಕೊಂಡಿರುತ್ತೆ, ಕೋಟೆ ಕಟ್ಟೋ ಕಾಲ ಮುಗಿದ್ಮೇಲೆ ಬಂದ ಮನೆಗಳಿವು.

ಪ್ಲುಂಗೆ ಇರೋದು ದೇಶದ ಪಶ್ಚಿಮ ಭಾಗದ ಝೆಮೈತಿಯಾ ಸೀಮೇಲಿ, ಬಾಲ್ಟಿಕ್ ಸಮುದ್ರ ಅಲ್ಲಿಂದ ದೂರ ಇಲ್ಲ. 19ನೇ ಶತಮಾನದ ಮೊದಲ ಭಾಗದಲ್ಲಿ ಈ ಎಸ್ಟೇಟು ಝುಬೋವ್ ಅನ್ನೋ ರಷ್ಯನ್ ಮನೆತನದ ಕೈಲಿತ್ತು. 1873ರಲ್ಲಿ ಮಿಕೋಲಾಸ್ ಒಗಿನ್ಸ್ಕಿ ಅನ್ನೋ ಪ್ರಿನ್ಸ್ ಕೊಂಡ್ಕೊಂಡ, 1879ರಲ್ಲಿ ಈಗ ನೀವು ಫೋಟೋದಲ್ಲಿ ನೋಡಿದ ಮನೆ ಎದ್ದು ನಿಂತ್ಕೊಳ್ತು. ಪ್ರಿನ್ಸ್ ಅಂದ ತಕ್ಷಣ ರಾಜನ ಮಗ ಅಂದ್ಕೊಬೇಡಿ, ಅದು ಮನೆತನದ ಬಿರುದು. ಒಗಿನ್ಸ್ಕಿಗಳು ಹಳೇ ಲಿಥುವೇನಿಯಾ-ಪೋಲೆಂಡ್ ಜಂಟಿ ರಾಜ್ಯದ ದೊಡ್ಡ ಕುಳಗಳು. ಮಿಕೋಲಾಸ್‌ನ ಅಜ್ಜ ಮಿಕೋಲಾಸ್ ಕ್ಲಿಯೋಫಾಸ್ ಒಗಿನ್ಸ್ಕಿ (1765–1833) ಮಂತ್ರಿಗಿರಿ ಮಾಡಿದೋನು, ದಂಗೆಗೂ ಸೇರಿದೋನು, ಅವೆರಡಕ್ಕಿಂತ ಜಾಸ್ತಿ ಹೆಸರು ಬಂದಿದ್ದು ಮಾತ್ರ ಅವನು ರಚಿಸಿದ ಪೊಲೊನೇಸ್ ಅನ್ನೋ ಪೋಲಿಷ್ ಕುಣಿತದ ಸಂಗೀತದಿಂದ.

ಪ್ರಶ್ನೆ: ನಾನು ಆರ್ಕಿಟೆಕ್ಚರ್ ಓದ್ತಿದೀನಿ. ಆ ಬಿಲ್ಡಿಂಗ್ ನೋಡಿದ್ರೆ ಇಟಲಿಯ ಅರಮನೆ ಥರ ಇದೆ, ಅಲ್ಲಿಯ ಲೋಕಲ್ ಸ್ಟೈಲ್ ಏನೂ ಕಾಣ್ತಾ ಇಲ್ಲ. ಯಾಕೆ? (ಶಿವಮೊಗ್ಗದ ವಿದ್ಯಾರ್ಥಿನಿ)

ಸರಿಯಾಗೇ ಕಂಡಿದೀರ. ಅದು ನಿಯೋ-ರೆನೇಸಾನ್ಸ್, ಅಂದ್ರೆ ನಾನ್ನೂರು ವರ್ಷ ಹಿಂದಿನ ಇಟಲಿಯ ಶೈಲಿಯನ್ನ 19ನೇ ಶತಮಾನದವರು ಮತ್ತೆ ಎತ್ಕೊಂಡು ಮಾಡಿದ್ದು. ಕಟ್ಟಿದ ಆರ್ಕಿಟೆಕ್ಟ್ ಕಾರ್ಲ್ ಲೊರೆನ್ಸ್, ಜರ್ಮನ್ನು. ಇದರಲ್ಲಿ ಆಶ್ಚರ್ಯ ಏನಿಲ್ಲ. ಪ್ಲುಂಗೆ ಆಗ ರಷ್ಯಾದ ಝಾರ್ ಚಕ್ರವರ್ತಿ ಕೈಕೆಳಗೆ ಇತ್ತು ನಿಜ, ಆದ್ರೆ ಈಗಿನ ಕ್ಲೈಪೆಡಾ ಬಂದರು ಆಗ ಮೆಮೆಲ್ ಅನ್ನೋ ಹೆಸರಲ್ಲಿ ಜರ್ಮನಿದಾಗಿತ್ತು, ಗಡಿ ಹತ್ರಾನೇ, ಹಂಗಾಗಿ ಪ್ಲಾನು, ಮೇಸ್ತ್ರಿ, ಫ್ಯಾಷನ್ನು ಎಲ್ಲಾ ಆ ಕಡೆಯಿಂದ ಬರೋದು ಸಲೀಸು. ಕೈಯಲ್ಲಿ ಕಾಸಿರೋ ಶ್ರೀಮಂತ ಆಗ ಯುರೋಪಲ್ಲಿ ಎಲ್ಲೇ ಮನೆ ಕಟ್ಟಿದ್ರೂ ಗಾಥಿಕ್ ಬೇಕಾ, ರೆನೇಸಾನ್ಸ್ ಬೇಕಾ, ಫ್ರೆಂಚ್ ಬರೋಕ್ ಬೇಕಾ ಅಂತ ಆರಿಸ್ಕೊಳ್ತಿದ್ದ ಕಾಲ ಅದು.

ಈಗ ಮನೆ ಮುಖವನ್ನ ಇನ್ನೊಂದ್ಸಲ ನೋಡಿ. ನಡು ಭಾಗ ಸ್ವಲ್ಪ ಮುಂದಕ್ಕೆ ಚಾಚಿದೆ, ಎಡ-ಬಲ ಒಂದಕ್ಕೊಂದು ಕನ್ನಡಿ ಹಿಡಿದಂಗೆ ಸಮ. ಚಾವಣಿಯ ಅಂಚಿಗೆ ಕಟಾಂಜನ ಓಡ್ಸಿ ಮಧ್ಯೆ ಮಧ್ಯೆ ಅಲಂಕಾರ ಇಟ್ಟಿದಾರೆ, ಹಂಗಾಗಿ ಕೆಳಗೆ ನಿಂತೋನಿಗೆ ಇಳಿಜಾರು ಚಾವಣಿ ಕಣ್ಣಿಗೆ ಬೀಳಲ್ಲ. ಹಿಮ ಬೀಳೋ ದೇಶದಲ್ಲಿ ಇಳಿಜಾರು ಬೇಕೇ ಬೇಕು, ಇಟಲಿ ಥರ ಕಾಣ್ಬೇಕು ಅಂದ್ರೆ ಅದನ್ನ ಮರೆಮಾಚ್ಬೇಕು, ಎರಡನ್ನೂ ಸಂಭಾಳಿಸೋ ಉಪಾಯ ಅದು.

ಲೋಕಲ್ ಸ್ಟೈಲ್ ಇರ್ಲಿಲ್ಲ ಅಂತಲ್ಲ. ಅಲ್ಲಿನ ಬಹುಪಾಲು ಜಮೀನ್ದಾರರು ಒಗಿನ್ಸ್ಕಿ ಥರ ಕುಬೇರರಲ್ಲ, ಹತ್ತಾರು ಎಕರೆ ಇಟ್ಕೊಂಡು ತಾವೇ ಗೇಯ್ದು ತಿನ್ನೋ ಬಡ ಗೌಡಿಕೆಯವರೂ ಸಾವಿರಾರು ಜನ ಇದ್ರು, ಪ್ರಸಿದ್ಧ ಲೇಖಕಿ ಝೆಮೈತೆ ಹುಟ್ಟಿದ್ದು (1845) ಇದೇ ಪ್ಲುಂಗೆ ಸೀಮೆಯ ಅಂಥದ್ದೊಂದು ಮನೇಲಿ. ಅವರ ಮನೆ ಅಂದ್ರೆ ಮರದ ದಿಮ್ಮಿ ಗೋಡೆ, ಒಂದೇ ಅಂತಸ್ತು, ನಾಲ್ಕೂ ಕಡೆಗೆ ಇಳಿಯೋ ಎತ್ತರದ ಚಾವಣಿ, ಬಾಗಿಲ ಮುಂದೆ ಎರಡೋ ನಾಲ್ಕೋ ಕಂಬದ ಜಗಲಿ, ಮಧ್ಯೆ ದೊಡ್ಡ ಚಿಮಣಿ. ನನ್ನ ಕೇಳಿದ್ರೆ ಆ ಮರದ ಮನೆಗಳೇ ಚೆಂದ. ಆದ್ರೆ ಮರ ಸುಟ್ಟೋಗುತ್ತೆ, ಕೊಳೆಯುತ್ತೆ, ಇಟ್ಟಿಗೇದು ಉಳಿಯುತ್ತೆ, ಅದಕ್ಕೇ ಇವತ್ತು ಟೂರಿಸ್ಟಿಗೆ ತೋರಿಸೋಕೆ ಸಿಗೋದು ಜಾಸ್ತಿ ಕುಬೇರರ ಮನೆಗಳೇ.

ಪ್ರಶ್ನೆ: ಅಲ್ಲಿ ಮೈನಸ್ ಡಿಗ್ರಿ ಚಳಿ ಅಂತ ಓದಿದ್ದುಂಟು. ಅಷ್ಟು ದೊಡ್ಡ ಮನೆಯನ್ನು ಬೆಚ್ಚಗೆ ಇಡುವುದು ಹೇಗೆ? (ಮಂಗಳೂರಿನ ಹಿರಿಯ ಓದುಗರು)

ಪೂರ್ತಿ ಮನೆ ಬೆಚ್ಚಗೆ ಇಡ್ತಾನೇ ಇರ್ಲಿಲ್ಲ ಸ್ವಾಮಿ. ಇಂಥ ಮನೆಗಳಲ್ಲಿ ಚಳಿಗಾಲಕ್ಕೆ ಅಂತ ಕೆಲವು ಕೋಣೆ, ಮಿಕ್ಕಿದ್ದಕ್ಕೆ ಬೀಗ. ನಿತ್ಯ ಉಪಯೋಗಿಸೋ ಕೋಣೆಗಳಲ್ಲಿ ನೆಲದಿಂದ ಹೆಚ್ಚೂಕಮ್ಮಿ ಚಾವಣಿವರೆಗೂ ಎತ್ತರದ ಒಲೆ, ಹೊರಗಡೆ ಮಿರಮಿರ ಹೊಳೆಯೋ ಹೆಂಚಿನ ಬಿಲ್ಲೆ ಅಂಟಿಸಿರೋದು. ಒಳಗೆ ಹೊಗೆ ನೇರ ಮೇಲಕ್ಕೆ ಹೋಗಲ್ಲ, ಇಟ್ಟಿಗೆ ಕಾಲುವೆಗಳಲ್ಲಿ ಮೇಲೆ ಕೆಳಗೆ ಸುತ್ತಿ ಹೋಗುತ್ತೆ, ಆ ಇಟ್ಟಿಗೆ ಕಾದು ಬಿಟ್ರೆ ಬೆಂಕಿ ಆರಿದ ಮೇಲೂ ಗಂಟೆಗಟ್ಟಲೆ ಬಿಸಿ ಕೊಡ್ತಾ ಇರುತ್ತೆ. ಎಷ್ಟೋ ಕಡೆ ಒಲೆ ಬಾಯಿ ಹಿಂದಿನ ಓಣಿ ಕಡೆಗೆ ಇಡ್ತಿದ್ರು, ಸೌದೆ ಹಾಕೋ ಆಳು ದೊರೆಗಳ ಕೋಣೆಯೊಳಗೆ ಬರೋದೇ ಬೇಡ ಅಂತ. ಕಿಟಕಿಗೆ ಎರಡು ಪದರ, ಒಳಗಿನ ಚೌಕಟ್ಟನ್ನ ಚಳಿಗಾಲ ಬಂದಾಗ ತಂದು ಕೂರಿಸಿ ಸಂದಿ ಮುಚ್ಚೋದು, ವಸಂತಕ್ಕೆ ತೆಗೆದು ಅಟ್ಟಕ್ಕೆ ಹಾಕೋದು. ಗೋಡೆ ದಪ್ಪ ಬೇರೆ. ಇಷ್ಟೆಲ್ಲಾ ಆದ್ರೂ ದುಡ್ಡಿದ್ದೋರು ಚಳಿಗಾಲಕ್ಕೆ ವಿಲ್ನಿಯಸ್‌ಗೋ ವಾರ್ಸಾಗೋ ಹೊರಟು ಹೋಗ್ತಿದ್ರು ಅನ್ನೋದೂ ನಿಜ.

ಪ್ರಶ್ನೆ: ಬಂಗ್ಲೆ ಚೆನ್ನಾಗದೆ, ಒಪ್ಪದೆ. ಆದ್ರೆ ಯಾರ ಬೆವರ ಮ್ಯಾಲೆ ಕಟ್ಟಿದ್ದು ಅದು? ಅದನ್ನ ಯಾಕೆ ಬರೀಲಿಲ್ಲ? (ಚಾಮರಾಜನಗರದ ಓದುಗರು)

ನಾಲ್ಕು ಸಾಲಲ್ಲಿ ಜಾಗ ಇರ್ಲಿಲ್ಲ ಅಂತ ತಪ್ಪಿಸ್ಕೊಳ್ಬಹುದು, ಬೇಡ, ಇವತ್ತು ಬರೀತೀನಿ. ಯಾಕಂದ್ರೆ ದ್ವಾರಸ್ ನೋಡೋಕೆ ಹೋದವರೆಲ್ಲಾ ಮುಂಬಾಗಿಲಲ್ಲಿ ಸೆಲ್ಫಿ ತಗೊಂಡು ವಾಪಸ್ ಬರ್ತಾರೆ, ಕತೆ ಇರೋದು ಹಿತ್ತಿಲಲ್ಲಿ.

1557ಕ್ಕೆ ಹೋಗಣ. ಆಗಿನ ದೊರೆ ಜಿಗಿಸ್ಮಂಡ್ ಆಗಸ್ಟಸ್ ಒಂದು ಭೂಮಾಪನ ಮಾಡಿಸ್ದ. ಚೆದುರಿ ಹೋಗಿದ್ದ ಮನೆಗಳನ್ನ ಎಳ್ಕೊಂಡು ಬಂದು ನೇರ ಬೀದಿಯ ಹಳ್ಳಿ ಮಾಡಿ, ಜಮೀನನ್ನ ಸುಮಾರು 21 ಹೆಕ್ಟೇರಿನ ಘಟಕಗಳಾಗಿ ಅಳೆದು ರೈತರಿಗೆ ಹಂಚಿ, ಒಳ್ಳೇ ನೆಲವನ್ನ ದೊರೆಯ ಸ್ವಂತ ಬೇಸಾಯಕ್ಕೆ ಅಂತ ಪ್ರತ್ಯೇಕ ಇಟ್ರು. ಆ ಸ್ವಂತ ನೆಲ ಉಳೋರು ಯಾರು? ಅದೇ ರೈತರು, ಕೂಲಿ ಇಲ್ದೆ, ವಾರಕ್ಕೆ ಇಷ್ಟು ದಿನ ಅಂತ ಲೆಕ್ಕ. ಮೊದಲು ರಾಜನ ಜಮೀನಲ್ಲಿ ಶುರುವಾಗಿದ್ದನ್ನ ಜಮೀನ್ದಾರರು ನೋಡಿ ಕಲ್ತ್ರು. ಬೆಳೆದ ರೈ, ಗೋಧಿ, ಅಗಸೆನಾರು ಎಲ್ಲಾ ನದಿ ಮೇಲೆ ತೇಲಿಸಿ ಕೊನಿಗ್ಸ್‌ಬರ್ಗ್, ರೀಗಾ ಬಂದರಿಗೆ, ಅಲ್ಲಿಂದ ಪಶ್ಚಿಮ ಯುರೋಪಿಗೆ. ದಿನ ಹೋದಂಗೆ ಬಿಟ್ಟಿ ದಿನಗಳು ಜಾಸ್ತಿ ಆದ್ವು, ರೈತ ಊರು ಬಿಟ್ಟು ಹೋಗೋ ಹಂಗಿಲ್ಲ, ದೊರೆ ಅನ್ನಿಸಿದ್ರೆ ಚಾಟಿ ಏಟು. 1861ರಲ್ಲಿ ರಷ್ಯಾದ ಝಾರ್ ಈ ಜೀತ ರದ್ದು ಮಾಡೋವರೆಗೂ ಅದು ನಡೀತು.

ಪ್ಲುಂಗೆ ಮನೆ 1879ರದ್ದು, ಅಂದ್ರೆ ಜೀತ ಹೋಗಿ ಹದಿನೆಂಟು ವರ್ಷದ ಮೇಲೆ. ಹಂಗಾದ್ರೆ ಬೆವರಿನ ಪ್ರಶ್ನೆ ಬರಲ್ಲ ಅಂತೀರಾ? ಬರುತ್ತೆ. ಜೀತದ ಜಾಗಕ್ಕೆ ಬಂದೋರು ಕುಮೇತಿಸ್ ಅನ್ನೋ ಕೂಲಿಯಾಳುಗಳು, ಸ್ವಂತ ಜಮೀನಿಲ್ಲ, ವರ್ಷಕ್ಕೆ ಕರಾರು, ಸಂಬಳದ ಬಹುಪಾಲು ಕಾಳಿನಲ್ಲಿ. ಅವರ ಲೈನ್‌ಮನೆಗಳು ಎಸ್ಟೇಟಿನ ಅಂಚಿಗೆ. ಒಂದು ಸೂರಿನ ಕೆಳಗೆ ನಾಲ್ಕಾರು ಸಂಸಾರ. ಮುಖ್ಯ ಮನೆಯಿಂದ ಅದು ಕಾಣಬಾರದು, ಹಂಗೆ ಮರ ಬೆಳೆಸಿರೋರು.

ಒಂದು ಮಾತು ಒಗಿನ್ಸ್ಕಿಗಳ ಪರವಾಗೂ ಹೇಳ್ಬೇಕು. ಮಿಕೋಲಾಸ್‌ನ ಅಪ್ಪ ಇರಿನೇಯುಸ್ ಪಕ್ಕದ ರಿಯೆತಾವಾಸ್ ಎಸ್ಟೇಟಲ್ಲಿ ಝಾರ್ ಹೇಳೋಕೆ ಮುಂಚೇನೇ ಬಿಟ್ಟಿ ದುಡಿಮೆ ನಿಲ್ಲಿಸಿ ಗೇಣಿ ಪದ್ಧತಿ ತಂದಿದ್ದ, ಕೃಷಿ ಶಾಲೆ ನಡೆಸ್ದ. ಇನ್ನೂ ಹಿಂದೆ ಹೋದ್ರೆ ವಿಲ್ನಿಯಸ್ ಹತ್ರದ ಪಾವ್ಲಾವಾ ಅನ್ನೋ ಎಸ್ಟೇಟಲ್ಲಿ ಪಾವೆಲ್ ಬ್ರಝೋಸ್ತೋವ್ಸ್ಕಿ ಅನ್ನೋ ಪಾದ್ರಿ-ಜಮೀನ್ದಾರ 1769ರಲ್ಲಿ ರೈತರಿಗೆ ಬಿಡುಗಡೆ ಕೊಟ್ಟು, ಅವರಿಗೆ ಒಂದು ಸಂವಿಧಾನ, ರೈತರದ್ದೇ ಸಭೆ, ಶಾಲೆ ಎಲ್ಲಾ ಮಾಡಿಕೊಟ್ಟು ಅದನ್ನ ಒಂದು ಪುಟ್ಟ ಗಣರಾಜ್ಯ ಅಂತಲೇ ನಡೆಸಿದ್ದ. 1795ರಲ್ಲಿ ದೇಶವನ್ನೇ ಅಕ್ಕಪಕ್ಕದವರು ಹರಿದು ಹಂಚ್ಕೊಂಡಾಗ ಅದೂ ಮುಗೀತು. ಇಂಥವರು ಬೆರಳೆಣಿಕೆ. ಇಂಥವರನ್ನ ತೋರಿಸಿ ಎಲ್ಲಾ ದೊರೆಗಳೂ ಒಳ್ಳೇವರು ಅನ್ನೋದು ಮೋಸ ಆಗುತ್ತೆ.

ಹಿತ್ತಿಲು ಅಂದ್ನಲ್ಲ, ಅದರ ಕಟ್ಟಡಗಳನ್ನೂ ಹೇಳಿಬಿಡ್ತೀನಿ. ದೊಡ್ಡ ದ್ವಾರಸ್ ಅಂದ್ರೆ ಮುಖ್ಯ ಮನೆ, ಅದರ ಮುಂದೆ ಅಕ್ಕಪಕ್ಕ ಎರಡು ಉಪಮನೆ, ಅದ್ರಲ್ಲಿ ಮ್ಯಾನೇಜರು, ಅಡುಗೆ, ಅತಿಥಿಗಳು. ಆಮೇಲೆ ಕುದುರೆ ಲಾಯ, ಕಣಜ, ದನದ ಕೊಟ್ಟಿಗೆ, ಕಮ್ಮಾರಸಾಲೆ, ಗಿರಣಿ, ಸಾರಾಯಿ ಭಟ್ಟಿ, ಬಟ್ಟೆ ಒಗೆಯೋ ಮನೆ, ಹಣ್ಣಿನ ತೋಟ, ಹೂವಿಗೆ ಗಾಜಿನ ಮನೆ. ಐಸ್ ಮನೆ ಅಂತ ಒಂದು ಇರುತ್ತೆ, ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟಿದಾಗ ಗರಗಸದಿಂದ ಐಸನ್ನ ದಪ್ಪ ದಪ್ಪ ಇಟ್ಟಿಗೆ ಕೊಯ್ದು ತಂದು, ನೆಲದೊಳಗೆ ಅರ್ಧ ಹೂತ ಮನೇಲಿ ಹುಲ್ಲು, ಮರದ ಹೊಟ್ಟು ಹಾಕಿ ಮುಚ್ಚಿಟ್ರೆ ಬೇಸಿಗೆವರೆಗೂ ಹಾಲು ಮಾಂಸ ಕೆಡಲ್ಲ. ಇವುಗಳ ಗೋಡೆ ಹೆಚ್ಚಾಗಿ ಹೊಲದಿಂದ ಎತ್ತಿದ ಗುಂಡುಕಲ್ಲಿಂದು, ಹಿಮಯುಗದಲ್ಲಿ ಹಿಮನದಿ ತಂದು ಸುರಿದು ಹೋದ ಕಲ್ಲು ಅಲ್ಲಿ ಎಲ್ಲಾ ಹೊಲದಲ್ಲೂ ಇದೆ, ನೇಗಿಲಿಗೆ ಅಡ್ಡ ಅಂತ ಆರಿಸಿದ್ದೇ ಗೋಡೆ ಆಯ್ತು. ದೊಡ್ಡ ಕಲ್ಲನ್ನ ಸೀಳಿ ಚಪ್ಪಟೆ ಮುಖ ಹೊರಗೆ ಮಾಡಿ, ಮಧ್ಯದ ಗಾರೆಗೆ ಪುಟ್ಟ ಪುಟ್ಟ ಕಲ್ಲುಚೂರು ಸಾಲಾಗಿ ಒತ್ತಿರ್ತಾರೆ. ಇಟಲಿ ಕಾಪಿ ಹೊಡೆದ ಮುಂದಿನ ಮನೆಗಿಂತ ಈ ಕೊಟ್ಟಿಗೆ ಗೋಡೇಲಿ ಆ ನೆಲದ ಕೈಗುಣ ಕಾಣುತ್ತೆ ನೋಡಿ. ಶಿವಮೊಗ್ಗದ ಮೇಡಂಗೆ ಲೋಕಲ್ ಸ್ಟೈಲ್ ಬೇಕಿತ್ತಲ್ಲ, ಅದು ಇಲ್ಲಿದೆ.

ಪ್ಲುಂಗೆಯಲ್ಲೇ ಗಡಿಯಾರದ ಗೋಪುರ ಇರೋ ಒಂದು ಗಾಜಿನಮನೆ ಇದೆ, 1846ರದ್ದು, ಝುಬೋವ್ ಕಾಲದ್ದು, ಫ್ಲಾರೆನ್ಸಿನ ಪಲಾಝೋ ವೆಕ್ಯೋ ನೋಡಿ ಮಾಡಿದ್ದು ಅಂತಾರೆ. ಈಗ ಅದು ಊರಿನ ಸಾರ್ವಜನಿಕ ಲೈಬ್ರರಿ.

ಪ್ರಶ್ನೆ: ನಾನು ಸಂಗೀತ ಕಲಿಸ್ತೀನಿ. ಆ ಮನೇಲಿ ಆರ್ಕೆಸ್ಟ್ರಾ ಶಾಲೆ ಇತ್ತು ಅಂತ ಒಂದು ಸಾಲು ಬರೆದಿದ್ರಿ. ಸ್ವಲ್ಪ ವಿವರ ಕೊಡ್ತೀರಾ? (ಮೈಸೂರಿನ ಓದುಗರು)

ಖಂಡಿತ ಮೇಡಂ. ಅಜ್ಜನ ಸಂಗೀತದ ಹುಚ್ಚು ಮೊಮ್ಮಕ್ಕಳಿಗೂ ಬಂದಿತ್ತು. ಪ್ಲುಂಗೆಲಿ ಮಿಕೋಲಾಸ್, ರಿಯೆತಾವಾಸ್‌ಲಿ ಅವನಣ್ಣ ಬೊಗ್ದಾನಾಸ್, ಇಬ್ರೂ ಒಂದೊಂದು ಆರ್ಕೆಸ್ಟ್ರಾ ಇಟ್ಟಿದ್ರು. ವಾದ್ಯದವರನ್ನ ಹೊರಗಿಂದ ತಂದ್ರೆ ಖರ್ಚು, ಹಂಗಾಗಿ ಸುತ್ತಮುತ್ತಲ ಹುಡುಗರನ್ನೇ ಸೇರಿಸ್ಕೊಂಡು ಕಲಿಸೋ ಶಾಲೆ. ಪ್ಲುಂಗೆಯ ಶಾಲೆ 1873ರಿಂದ 1902ರವರೆಗೆ ನಡೀತು. ಊಟ, ವಸತಿ, ಯೂನಿಫಾರ್ಮ್, ಪಾಠ ಎಲ್ಲಾ ದೊರೆಯದ್ದು, ಬದಲಿಗೆ ಹುಡುಗರು ಅರಮನೇಲಿ, ಚರ್ಚಲ್ಲಿ, ಹಬ್ಬದಲ್ಲಿ ನುಡಿಸ್ಬೇಕು.

1889ರಲ್ಲಿ ದಕ್ಷಿಣದ ದ್ರುಸ್ಕಿನಿಂಕೈ ಊರಿನ ಚರ್ಚ್ ಆರ್ಗನ್ ವಾದಕನ ಮಗ, ಇನ್ನೂ ಹದಿಮೂರು-ಹದಿನಾಲ್ಕರ ಹುಡುಗ, ಇಲ್ಲಿಗೆ ಬಂದು ಸೇರ್ಕೊಂಡ. ಮಿಕಲೋಯುಸ್ ಕೊನ್ಸ್ತಾಂತಿನಾಸ್ ಚುರ್ಲ್ಯೋನಿಸ್ ಅಂತ. ಕೊಳಲು ನುಡಿಸ್ತಿದ್ದ, ಸ್ವಂತ ರಚನೆ ಮಾಡೋದಕ್ಕೆ ಇಲ್ಲೇ ಕೈ ಹಾಕ್ದ. 1893ರವರೆಗೆ ಇಲ್ಲಿದ್ದ, ಆಮೇಲೆ ವಾರ್ಸಾದಲ್ಲಿ ಓದೋಕೆ ಪ್ರಿನ್ಸ್‌ದೇ ದುಡ್ಡು, ಅಲ್ಲಿಂದ ಲೈಪ್‌ಝಿಗ್‌ಗೆ ಕಳಿಸಿದ್ದೂ ಪ್ರಿನ್ಸೇ. 1902ರಲ್ಲಿ ಮಿಕೋಲಾಸ್ ತೀರ್ಕೊಂಡ, ಸ್ಕಾಲರ್‌ಶಿಪ್ಪು ಅಲ್ಲಿಗೆ ನಿಂತ್ಹೋಯ್ತು, ಶಾಲೇನೂ ಮುಚ್ಚಿತು. ಆಮೇಲೆ ಚುರ್ಲ್ಯೋನಿಸ್ ಬರೀ ಸಂಗೀತಗಾರ ಆಗಿ ಉಳೀಲಿಲ್ಲ, ಚಿತ್ರ ಬರೆಯೋಕೆ ಹಿಡ್ಕೊಂಡ, ಸಂಗೀತದ ಸೊನಾಟಾ ಕಟ್ಟೋ ಕ್ರಮದಲ್ಲೇ ಚಿತ್ರಸರಣಿ ಮಾಡ್ದ, 1911ರಲ್ಲಿ ಬರೀ 35 ವರ್ಷಕ್ಕೆ ಹೋಗ್ಬಿಟ್ಟ. ಇವತ್ತು ಆ ದೇಶದಲ್ಲಿ ಅವನಷ್ಟು ದೊಡ್ಡ ಹೆಸರು ಕಲೇಲಿ ಇನ್ನೊಬ್ಬರದ್ದಿಲ್ಲ. ಒಗಿನ್ಸ್ಕಿ ಮನೆತನದ ಎಲ್ಲಾ ಬೆಳ್ಳಿ ಸಾಮಾನಿಗಿಂತ ಆ ಹುಡುಗನಿಗೆ ಹಾಕಿದ ಅನ್ನವೇ ದೊಡ್ಡದು ಅಂತ ನನ್ನ ಲೆಕ್ಕ.

ಪ್ರಶ್ನೆ: ಲಿಥುವೇನಿಯಾಕ್ಕೆ ಕರೆಂಟು ಮೊದಲು ಬಂದದ್ದೇ ಇಂಥ ಜಮೀನ್ದಾರರ ಬಂಗಲೆಗಂತೆ, ಖರೇನಾ? (ಹುಬ್ಬಳ್ಳಿಯ ನಿವೃತ್ತ ಲೈನ್‌ಮನ್)

ಖರೆ. ಆದ್ರೆ ಪ್ಲುಂಗೆಗಲ್ಲ, ಅಣ್ಣ ಬೊಗ್ದಾನಾಸ್‌ನ ರಿಯೆತಾವಾಸ್‌ಗೆ. 1892ರ ಏಪ್ರಿಲ್ 17, ಈಸ್ಟರ್ ಹಬ್ಬದ ದಿನ, ಚರ್ಚು, ಬಂಗಲೆ, ಪಾರ್ಕು ಎಲ್ಲಾ ಕಡೆ ವಿದ್ಯುತ್ ದೀಪ ಹತ್ತಿತು. ಹಬ್ಬಕ್ಕೆ ಬಂದ ಹಳ್ಳಿ ಜನದ ಎದುರಿಗೇ ಆಗ್ಲಿ ಅಂತಲೇ ಆ ದಿನ ಆರಿಸಿದ್ದು ಅನ್ಸುತ್ತೆ. ಅದಕ್ಕೂ ಹತ್ತು ವರ್ಷ ಮುಂಚೆ, 1882ರಲ್ಲಿ, ದೇಶದ ಮೊದಲ ಟೆಲಿಫೋನ್ ಲೈನನ್ನೂ ಇದೇ ಅಣ್ಣತಮ್ಮಂದಿರು ಎಳೆಸಿದ್ರು, ರಿಯೆತಾವಾಸ್‌ನಿಂದ ಪ್ಲುಂಗೆಗೆ, ಅಲ್ಲಿಂದ ಕ್ರೆತಿಂಗಾಕ್ಕೆ. ಕ್ರೆತಿಂಗಾದಲ್ಲಿ ಇದ್ದಿದ್ದು ಇನ್ನೊಂದು ಕುಬೇರ ಮನೆತನ, ತಿಶ್ಕೆವಿಚ್ ಕೌಂಟ್‌ಗಳು.

ಇಷ್ಟೆಲ್ಲಾ ಆದ ರಿಯೆತಾವಾಸ್ ಬಂಗಲೆ ಮಾತ್ರ ಇವತ್ತಿಲ್ಲ. ಬೆಂಕಿಗೆ ಸಿಕ್ತು, ಆಮೇಲೆ ಕೆಡವಿದ್ರು. ಪಾರ್ಕು, ಮನೆತನದ ಸಮಾಧಿ ಚಾಪೆಲ್ಲು, ಸಂಗೀತ ಶಾಲೆ ಕಟ್ಟಡ ಉಳಿದ್ವು, ಆ ಶಾಲೇಲೇ ಈಗ ಒಗಿನ್ಸ್ಕಿಗಳ ಮ್ಯೂಸಿಯಂ ಇದೆ. ಮತ್ತೆ ಹಿತ್ತಿಲೇ ಗೆದ್ದಿದ್ದು ನೋಡಿ.

ಪ್ರಶ್ನೆ: ಪಾರ್ಕ್ ಬಗ್ಗೆ ಹೇಳಿ. ಇಂಥ ಬಂಗಲೆಗಳ ಫೋಟೋದಲ್ಲೆಲ್ಲಾ ಕೆರೆ ಇರುತ್ತಲ್ಲ, ಅದು ಮೊದಲೇ ಇತ್ತಾ, ತೋಡಿದ್ದಾ? (ಬೆಂಗಳೂರಿನ ಓದುಗರು)

ಹೆಚ್ಚಿನವು ತೋಡಿದ್ದು. ಪ್ಲುಂಗೆಲಿ ಬಬ್ರುಂಗಾಸ್ ಹೊಳೆ ಪಕ್ಕದಲ್ಲೇ ಹರಿಯುತ್ತೆ, ಅದರ ದಡದಲ್ಲಿ ಕೊಳಗಳ ಸಾಲು, ಹಳೇ ಮರಗಳು, ಅದರಲ್ಲೂ ಪೆರ್ಕೂನಾಸ್ ಓಕ್ ಅನ್ನೋ ಮರ ಪ್ರಸಿದ್ಧ, ಪೆರ್ಕೂನಾಸ್ ಅಂದ್ರೆ ಕ್ರೈಸ್ತಧರ್ಮ ಬರೋ ಮುಂಚಿನ ಅವರ ಸಿಡಿಲಿನ ದೇವರು. ಕೊಳ ಬರೀ ಅಂದಕ್ಕಲ್ಲ, ಮೀನು ಸಾಕೋಕೆ, ಐಸ್ ಕೊಯ್ಯೋಕೆ, ಬೆಂಕಿ ಬಿದ್ರೆ ನೀರಿಗೆ.

ಪಾರ್ಕಿನ ವಿಷ್ಯಕ್ಕೆ ಬಂದ್ರೆ ತಿಶ್ಕೆವಿಚ್‌ಗಳನ್ನ ಬಿಡೋ ಹಂಗಿಲ್ಲ. ಎದುವಾರ್ ಆಂದ್ರೆ (1840–1911) ಅನ್ನೋ ಫ್ರೆಂಚ್ ಉದ್ಯಾನಶಿಲ್ಪಿ, ಲಿವರ್‌ಪೂಲ್‌ನ ಸೆಫ್ಟನ್ ಪಾರ್ಕ್ ಮಾಡಿದೋನು, ಅವನನ್ನ ಕರೆಸಿ ಒಂದೇ ಮನೆತನದವರು ನಾಲ್ಕು ಕಡೆ ಪಾರ್ಕ್ ಮಾಡಿಸಿದ್ರು: ಪಲಾಂಗಾ, ಲೆಂತ್ವಾರಿಸ್, ಉಝುತ್ರಾಕಿಸ್, ತ್ರಾಕು ವೊಕೆ. ಸಮುದ್ರದ ದಂಡೆಯ ಪಲಾಂಗಾದಲ್ಲಿ 1897ರಲ್ಲಿ ಮುಗಿದ ಬಂಗಲೆಯ ಆರ್ಕಿಟೆಕ್ಟ್ ಬರ್ಲಿನ್ನಿನ ಫ್ರಾಂಝ್ ಶ್ವೆಖ್ಟೆನ್, ಕೈಸರ್ ವಿಲ್‌ಹೆಲ್ಮ್ ಸ್ಮಾರಕ ಚರ್ಚ್ ಮಾಡಿದೋನೇ. ಅಲ್ಲಿ ಪೈನ್ ಕಾಡನ್ನ ಕಡೀದೆ, ಮರಳುಗುಡ್ಡ ಸಮ ಮಾಡದೆ, ಇರೋದನ್ನೇ ಹಿಡ್ಕೊಂಡು ಆಂದ್ರೆ ಪಾರ್ಕ್ ಮಾಡ್ದ. ಉಝುತ್ರಾಕಿಸ್ ಎರಡು ಕೆರೆಗಳ ನಡುವಿನ ನೆಲ, ಅಲ್ಲಿ ಬಂಗಲೆಯ ಹಿಂಬದಿ ಮೆಟ್ಟಿಲಲ್ಲಿ ನಿಂತ್ರೆ ಗಾಲ್ವೆ ಕೆರೆಯಾಚೆ ತ್ರಾಕೈ ಕೋಟೆ ಕಾಣುತ್ತೆ, ಇಡೀ ಪಾರ್ಕನ್ನ ಆ ಒಂದು ನೋಟಕ್ಕೆ ಅಂತಲೇ ಹೊಂದಿಸಿದಂಗಿದೆ. ಪಲಾಂಗಾ ಬಂಗಲೆ 1963ರಿಂದ ಅಂಬರ್ (ಕಲ್ಲಿನಂತಾದ ಪುರಾತನ ಮರದ ಅಂಟು) ಮ್ಯೂಸಿಯಂ.

ಪಲಾಂಗಾದ ಇನ್ನೊಂದು ವಿಷ್ಯ. ರಷ್ಯನ್ ಸರ್ಕಾರ 1864ರಿಂದ 1904ರವರೆಗೆ ಲ್ಯಾಟಿನ್ ಅಕ್ಷರದಲ್ಲಿ ಲಿಥುವೇನಿಯನ್ ಪುಸ್ತಕ ಅಚ್ಚು ಮಾಡೋದನ್ನೇ ನಿಷೇಧ ಮಾಡಿತ್ತು. ಆ ಕಾಲದಲ್ಲೇ, 1899ರಲ್ಲಿ, ಈಗಿನ ಲಿಥುವೇನಿಯಾದ ನೆಲದಲ್ಲಿ ಆ ಭಾಷೆಯ ಮೊದಲ ಬಹಿರಂಗ ನಾಟಕ ಆಯ್ತು. ಎಲ್ಲಿ ಗೊತ್ತಾ, ಕೌಂಟ್ ತಿಶ್ಕೆವಿಚ್‌ನ ಕಣಜದಲ್ಲಿ. ಬಂಗಲೆಯೊಳಗಿನ ಮಾತು ಪೋಲಿಷ್, ಫ್ರೆಂಚ್.

ಪ್ರಶ್ನೆ: ಆಮೇಲೆ ಅವರೆಲ್ಲಾ ಎಲ್ಲಿ ಹೋದ್ರು? ಮನೆ ಸರ್ಕಾರದ್ದು ಹೆಂಗಾಯ್ತು? (ತುಮಕೂರು, ಹಾಸನ, ಕಲಬುರಗಿಯಿಂದ)

ಮಿಕೋಲಾಸ್‌ಗೂ ಮಕ್ಕಳಿಲ್ಲ, 1909ರಲ್ಲಿ ತೀರಿಕೊಂಡ ಬೊಗ್ದಾನಾಸ್‌ಗೂ ಇಲ್ಲ. ಮೊದಲ ಮಹಾಯುದ್ಧದ ಗದ್ದಲದಲ್ಲಿ ಪ್ಲುಂಗೆ ಮನೆ ಖಾಲಿ ಆಯ್ತು. 1918ರಲ್ಲಿ ಲಿಥುವೇನಿಯಾ ಸ್ವತಂತ್ರ ದೇಶ ಆದ್ಮೇಲೆ 1922ರಲ್ಲಿ ಭೂಸುಧಾರಣೆ ಕಾಯ್ದೆ ಬಂತು, ಅದರ ಹಿಂದಿದ್ದೋನು ಕ್ರುಪಾವಿಚ್ಯುಸ್ ಅನ್ನೋ ಕ್ಯಾಥೊಲಿಕ್ ಪಾದ್ರಿ-ರಾಜಕಾರಣಿ. ಜಮೀನ್ದಾರ 80 ಹೆಕ್ಟೇರ್ ಇಟ್ಕೊಳ್ಬಹುದು, ಮಿಕ್ಕಿದ್ದು ಭೂಮಿ ಇಲ್ಲದವರಿಗೆ, ಸ್ವಾತಂತ್ರ್ಯ ಯುದ್ಧದ ಸೈನಿಕರಿಗೆ. 1929ರಲ್ಲಿ ಮಿತಿಯನ್ನ 150ಕ್ಕೆ ಏರಿಸಿದ್ರು. ಸಾವಿರಾರು ಹೆಕ್ಟೇರ್ ಆದಾಯದ ಮೇಲೆ ನಿಂತಿದ್ದ ಮನೆ 80 ಹೆಕ್ಟೇರಲ್ಲಿ ಸುಣ್ಣ ಬಳಿಯೋಕೂ ಸಾಲದು, ಹಂಗಾಗಿ ಎಷ್ಟೋ ಬಂಗಲೆ ಶಾಲೆ ಆದ್ವು, ಅನಾಥಾಶ್ರಮ ಆದ್ವು, ಇಟ್ಟಿಗೆ ಕಿತ್ತು ಮಾರಿಹೋದ್ವು.

1940ರಲ್ಲಿ ಸೋವಿಯತ್ ಸೇನೆ ಬಂತು, 1941ರ ಜೂನ್‌ನಲ್ಲಿ ಸೈಬೀರಿಯಾಕ್ಕೆ ಗಡೀಪಾರು ಶುರು, ಬೆನ್ನಿಗೇ ನಾಜಿಗಳು. ಇಲ್ಲಿ ಒಂದು ನಿಮಿಷ ನಿಲ್ಲಬೇಕು. ದ್ವಾರಸ್ ಪಕ್ಕದ ಪೇಟೆ ಅಂದ್ರೆ ಬಹುಪಾಲು ಯಹೂದಿಗಳ ಪೇಟೆ, ಗಿರಣಿ, ಹೆಂಡದಂಗಡಿ ಗುತ್ತಿಗೆ ಹಿಡಿದು, ಕಾಳು-ನಾರು ವ್ಯಾಪಾರ ಮಾಡಿ ಎಸ್ಟೇಟನ್ನ ಹೊರಜಗತ್ತಿಗೆ ಜೋಡಿಸಿದೋರು ಅವರು. 1941ರ ಜುಲೈನಲ್ಲಿ ಪ್ಲುಂಗೆಯ ಯಹೂದಿಗಳನ್ನ, ಸುಮಾರು 1,800 ಜನರನ್ನ, ಊರ ಹೊರಗಿನ ಕೌಶೆನೈ ಅನ್ನೋ ಜಾಗದಲ್ಲಿ ಗುಂಡಿಟ್ಟು ಕೊಂದ್ರು, ಸ್ಥಳೀಯರೂ ಕೈ ಜೋಡಿಸಿದ್ರು. ಯುದ್ಧ ಮುಗಿದ್ಮೇಲೂ ಅದೇ ಊರಲ್ಲಿ ಬಾಳಿದ ಯಹೂದಿ ಮರಶಿಲ್ಪಿ ಜಾಕೋವಾಸ್ ಬುಂಕಾ ಅಲ್ಲಿ ಓಕ್ ಮರದ ಶಿಲ್ಪಗಳನ್ನ ನಿಲ್ಲಿಸಿದಾನೆ. ಬಂಗಲೆ ನೋಡೋಕೆ ಹೋದೋರು ಅಲ್ಲಿಗೂ ಹೋಗಬೇಕು.

ಯುದ್ಧದ ಮೇಲೆ ಮತ್ತೆ ಸೋವಿಯತ್. ಬಂಗಲೆಗಳು ಕೋಲ್ಖೋಜ್ ಅನ್ನೋ ಸಾಮೂಹಿಕ ಬೇಸಾಯ ಸಂಘದ ಆಫೀಸು, ಗೊಬ್ಬರದ ಗೋಡೌನು, ಉಝುತ್ರಾಕಿಸ್ ಅಂತೂ ಭದ್ರತಾ ಇಲಾಖೆಯವರ ಸ್ಯಾನಟೋರಿಯಂ, ಆಮೇಲೆ ಮಕ್ಕಳ ಪಯೋನಿಯರ್ ಕ್ಯಾಂಪು. ಪ್ಲುಂಗೆ ಮನೇಲಿ ಶಾಲೆಗಳು ನಡೆದ್ವು. ಯಾವ ಮನೆಗೆ ಒಂದು ಉಪಯೋಗ ಅಂತ ಸಿಕ್ತೋ ಅದರ ಚಾವಣಿ ಉಳೀತು, ಚಾವಣಿ ಉಳಿದಿದ್ದಕ್ಕೆ ಗೋಡೆ ಉಳೀತು. ಯಾವುದನ್ನ ಯಾರೂ ಕೇಳ್ಲಿಲ್ವೋ ಅದು ಕೆಲವೇ ಚಳಿಗಾಲದಲ್ಲಿ ಕುಸೀತು, ಚಾವಣಿ ತೂತಾಗಿ ನೀರು ಇಳಿದು ಹೆಪ್ಪುಗಟ್ಟಿದ್ರೆ ಇಟ್ಟಿಗೆ ತಾನೇ ಸೀಳುತ್ತೆ. 1990ರಲ್ಲಿ ಮತ್ತೆ ಸ್ವಾತಂತ್ರ್ಯ, 1994ರಲ್ಲಿ ಪ್ಲುಂಗೆ ಬಂಗಲೇಲಿ ಝೆಮೈತಿಯಾ ಕಲಾ ಮ್ಯೂಸಿಯಂ ಶುರುವಾಯ್ತು, ಈಗಲೂ ಅದೇ.

ಪ್ರಶ್ನೆ: ಲಿಥುವೇನಿಯಾಕ್ಕೂ ನಮ್ಮ ದೇಶಕ್ಕೂ ಏನಾದ್ರೂ ಸಂಬಂಧ ಇದೆಯಾ? (ಮಂಡ್ಯದ ಓದುಗರು)

ಬಂಗಲೆಯ ಲೆಕ್ಕದಲ್ಲಿ ಇಲ್ಲ, ಆರ್ಕಿಟೆಕ್ಟ್ ಲೆಕ್ಕದಲ್ಲಿ ಇದೆ. ದಕ್ಷಿಣ ಆಫ್ರಿಕಾದಲ್ಲಿ ಗಾಂಧೀಜಿಗೆ ಟಾಲ್‌ಸ್ಟಾಯ್ ಫಾರ್ಮ್‌ಗೆ ಜಮೀನು ಕೊಟ್ಟ ಗೆಳೆಯ ಹರ್ಮನ್ ಕಾಲನ್‌ಬಾಖ್ ವೃತ್ತಿಯಿಂದ ಆರ್ಕಿಟೆಕ್ಟು, ಹುಟ್ಟಿದ್ದು ಇದೇ ಪಶ್ಚಿಮ ಲಿಥುವೇನಿಯಾದ ಝೆಮೈಚು ನೌಮಿಯೆಸ್ತಿಸ್‌ನಲ್ಲಿ. ಅವರಿಬ್ಬರ ಪ್ರತಿಮೆ 2015ರ ಗಾಂಧಿ ಜಯಂತಿಗೆ ರುಸ್ನೆ ಅನ್ನೋ ಊರಲ್ಲಿ ಅನಾವರಣ ಆಯ್ತು.

ಪ್ರಶ್ನೆ: ನಾವು ಜರ್ಮನಿಲಿದೀವಿ, ಬೇಸಿಗೆ ರಜಕ್ಕೆ ಹೋಗ್ಬೇಕು ಅಂತಿದೀವಿ. ಯಾವ್ಯಾವ ಮನೆ ನೋಡ್ಬೇಕು? (ಫ್ರಾಂಕ್‌ಫರ್ಟ್‌ನ ಕನ್ನಡಿಗರು)

ವಿಲ್ನಿಯಸ್-ಕ್ಲೈಪೆಡಾ ರೈಲು ಪ್ಲುಂಗೆಲೇ ನಿಲ್ಲುತ್ತೆ, ಕಾರ್ ಇಲ್ದಿದ್ರೂ ನಡೆಯುತ್ತೆ. ಅಲ್ಲಿಂದ ಪ್ಲಾತೆಲೈ ಕೆರೆ ಕಡೆ ಹೋಗಿ, ಪ್ಲಾತೆಲೈ ದ್ವಾರಸ್‌ನ ಮುಖ್ಯ ಮನೆ ಇಲ್ಲ, ಕುದುರೆ ಲಾಯ ಮತ್ತು ಕಣಜ ಇದೆ, ಲಾಯದಲ್ಲಿ ಚಳಿ ಓಡಿಸೋ ಹಬ್ಬಕ್ಕೆ ಹಾಕೋ ಮರದ ಮುಖವಾಡಗಳ ಪ್ರದರ್ಶನ, ಮಕ್ಕಳಿಗೆ ಹಬ್ಬ. ಹತ್ರದಲ್ಲೇ ಸೋವಿಯತ್ ಕಾಲದ ನೆಲದಡಿಯ ಅಣುಕ್ಷಿಪಣಿ ನೆಲೆ, ಈಗ ಮ್ಯೂಸಿಯಂ. ಕ್ರೆತಿಂಗಾದಲ್ಲಿ ಬಂಗಲೆಗೆ ಅಂಟಿಕೊಂಡ ಗಾಜಿನ ಚಳಿಗಾಲದ ತೋಟ ಇದೆ, ಯುದ್ಧದಲ್ಲಿ ನಾಶವಾಗಿ 1987ರಲ್ಲಿ ಮತ್ತೆ ಎದ್ದಿದ್ದು. ಉತ್ತರದ ಪಾಕ್ರುವೊಯಿಸ್‌ನಲ್ಲಿ ರೋಪ್ ಬ್ಯಾರನ್‌ಗಳ ಎಸ್ಟೇಟು, ಹಿತ್ತಿಲು ಪೂರ್ತಿ ಅಂದ್ರೆ ಪೂರ್ತಿ ಉಳಿದಿರೋ ಜಾಗ, ಗಿರಣಿ, ಲಾಯ, ಹೊಳೆ ಮೇಲೆ ಕಮಾನಿನ ಸೇತುವೆ-ಅಣೆಕಟ್ಟು (1821), ಒಂದು ದಿನ ಬೇಕೇ ಬೇಕು. ನಾನು ಒಂದೇ ಆರಿಸಿ ಅಂದ್ರೆ ಪಾಕ್ರುವೊಯಿಸ್ ಅಂತೀನಿ, ಪಲಾಂಗಾ ಚೆಂದ ಆದ್ರೆ ಬೇಸಿಗೇಲಿ ಜಾತ್ರೆ.

ಪ್ರಶ್ನೆ: ಅಲ್ಲಿ ಹಳೇ ಬಂಗಲೆಗಳು ಮಾರಾಟಕ್ಕಿವೆ, ಬೆಂಗಳೂರಲ್ಲಿ ಒಂದು ಸೈಟಿನ ದುಡ್ಡಿಗೇ ಸಿಗುತ್ತೆ ಅಂತ ವಾಟ್ಸಾಪಲ್ಲಿ ಬಂದಿತ್ತು. ಕೊಂಡ್ಕೊಬಹುದಾ? (ಹೆಸರು ಬೇಡ ಅಂದ ಓದುಗರು)

ಮಾರಾಟಕ್ಕೆ ಬರ್ತವೆ, ಸುಳ್ಳಲ್ಲ. ಪಾಳು ಬಿದ್ದ ಮನೆಗಳನ್ನ ಹರಾಜು ಹಾಕೋದೂ ಉಂಟು. ಆದ್ರೆ ಬಹುಪಾಲು ಪಾರಂಪರಿಕ ಕಟ್ಟಡ ಅಂತ ದಾಖಲಾಗಿರುತ್ತೆ, ಕಿಟಕಿ ಚೌಕಟ್ಟು ಬದಲಾಯಿಸೋಕೂ ಅನುಮತಿ ಬೇಕು, ಸಿಮೆಂಟ್ ಬಳಿಯೋ ಹಂಗಿಲ್ಲ ಸುಣ್ಣದ ಗಾರೇನೇ ಆಗ್ಬೇಕು, ಅದು ಗೊತ್ತಿರೋ ಕೆಲಸದವರು ಕಮ್ಮಿ, ಚಾವಣಿಗೆ ಆಗೋ ಖರ್ಚಿನ ಮುಂದೆ ಮನೆ ಬೆಲೆ ಏನೂ ಅಲ್ಲ. ಯುರೋಪಿಯನ್ ಒಕ್ಕೂಟದ ನೆರವಿನ ದುಡ್ಡು ಬಂದ ಕಡೆಯೇ ಎಷ್ಟೋ ವರ್ಷ ಹಿಡಿದಿದೆ. ಇಷ್ಟು ಓದಿದ ಮೇಲೂ ಆಸೆ ಹೋಗಿಲ್ಲ ಅಂದ್ರೆ ಮೊದಲು ಒಂದು ಜನವರೀಲಿ ಹೋಗಿ ಮನೆ ನೋಡ್ಕೊಂಡು ಬನ್ನಿ, ಮೇ ತಿಂಗಳಲ್ಲಿ ಹೋಗ್ಬೇಡಿ, ಮೇನಲ್ಲಿ ಎಲ್ಲಾ ಮನೇನೂ ಚೆನ್ನಾಗೇ ಕಾಣುತ್ತೆ.